ಕರೆಂಟಿನ ಲೆಕ್ಕ, ರಟ್ಟೆ ಲೆಕ್ಕ

ಕರೆಂಟು ಬಿಲ್ಲು ಬಂದಾಗ ನಿಂಗ ಮೊದ್ಲು ಎಂತ ನೋಡ್ತ್ರಿ? ಸುಮಾರು ಎಲ್ಲರೂ ಕೆಳಗಿನ ಸಾಲನ್ನೇ ನೋಡದು, ದುಡ್ಡು ಎಷ್ಟು ಹೇಳಿ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಲ್ಲಿ ಆ ಸಾಲಲ್ಲಿ ಸೊನ್ನೆ. ಸೊನ್ನೆ ಕಂಡ ಕೂಡ್ಲೆ ಬಿಲ್ಲು ಮಡಚಿ ಕ್ಯಾಲೆಂಡರಿನ ಹಿಂದೆ ಸಿಗ್ಸಿಟ್ರೆ ಆತು. ಯೂನಿಟ್ ಎಷ್ಟು ಸುಟ್ಟಿದ್ದು ಹೇಳಿ ನೋಡವ್ರು ಕಡಿಮೆ.

ಆನು ಮಾತ್ರ ಈಗ ಎರಡು ವರ್ಷದಿಂದ ಹಾಲಿನ ಲೆಕ್ಕದ ಪುಸ್ತಕದಲ್ಲೇ ಯೂನಿಟ್ಟೂ ಬರದಿಡ್ತಾ ಇದ್ದಿ. ಅದ್ಕೆ ಕಾರಣ ಯನ್ನ ತಂಗಿ ಮಗಳು. ಕೂಸು ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಮುಗಿಸ್ಕಂಡು ಬೈಂದು. ಅದು ಹೇಳ್ಚು, "ದೊಡ್ಡಾಯಿ, ಒಂದು ದೇಶ ಎಷ್ಟು ಮುಂದೆ ಬೈಂದು ಹೇಳಿ ನೋಡಲೆ, ಅಲ್ಲಿ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ಬತ್ತು ಹೇಳಿ ಲೆಕ್ಕ ಹಾಕ್ತ. 1947ರಲ್ಲಿ ನಮ್ಮ ದೇಶದಲ್ಲಿ ತಲೆಗೆ ಬರೀ 16 ಯೂನಿಟ್ ಚಿಲ್ರೆ. 2022-23ರಲ್ಲಿ ಅದು 1,331."

ಅದನ್ನ ಕೇಳಿ ಯಂಗೆ ನಮ್ಮನೆ ಲೆಕ್ಕ ಹಾಕವು ಹೇಳಿ ಆತು. ಮನೆಲ್ಲಿ ಈಗ ಮೂರೇ ಜನ. ಆನು, ನಮ್ಮನೆಯವ್ರು, ಅತ್ತೆ. ತಿಂಗಳಿಗೆ 75 ಯೂನಿಟ್ ಆಸುಪಾಸು, ವರ್ಷಕ್ಕೆ 900. ತಲೆಗೆ 300. "ಹಂಗಾರೆ ಯಂಗಳ ಪಾಲಿನ ಉಳದ ಸಾವಿರ ಯೂನಿಟ್ ಯಾರು ತಿಂದ?" ಹೇಳಿ ಕೇಳ್ದಿ. ಕೂಸು ನೆಗ್ಯಾಡ್ಚು. ದೇಶದ ಕರೆಂಟಿನಲ್ಲಿ ಮನೆಗಳಿಗೆ ಹೋಪದು ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲಡ. ಉಳದ್ದೆಲ್ಲಾ ಕಾರ್ಖಾನೆ, ಪಂಪ್‌ಸೆಟ್ಟು, ರೈಲು, ಅಂಗಡಿ, ಆಫೀಸು. ಅಂದ್ರೆ ನಂಗ ಎಷ್ಟು ಬಲ್ಬು ಆರಿಸಿದ್ರೂ ಉರಿಸಿದ್ರೂ ದೇಶದ ಲೆಕ್ಕ ಅಲ್ಲಾಡದು ಸಣ್ಣಕೆ. ದೊಡ್ಡ ಲೆಕ್ಕ ಬೇರೆ ಕಡೆ ಇದ್ದು.

ಆಮೇಲೆ ಅದು ಕೇಳಿದ ಪ್ರಶ್ನೆ ಯನ್ನ ತಲೆಲ್ಲಿ ಕೂತ್ಗಂಡ್ತು. ಕರೆಂಟು ಬಂತು ಹೇಳಿ ದುಡ್ಡು ಬಪ್ಪದೋ, ದುಡ್ಡು ಬಂತು ಹೇಳಿ ಕರೆಂಟು ಖರ್ಚಾಗದೋ? ಮೊಸರು ಮೊದ್ಲೋ ಹೆಪ್ಪು ಮೊದ್ಲೋ ಹೇಳ್ದಂಗೆ ಆತು ಇದು. ಓದಿದವ್ರು ಇದ್ರ ಬಗ್ಗೆ ರಾಶಿ ಲೆಕ್ಕ ಮಾಡಿದ್ವಡ. 1978ರಲ್ಲಿ ಅಮೆರಿಕದಲ್ಲಿ ಕ್ರಾಫ್ಟ್ ಹೇಳ ಹೆಸರಿನ ಇಬ್ರು ಅವರ ದೇಶದ 1947ರಿಂದ 1974ರ ವರೆಗಿನ ಲೆಕ್ಕ ಹಿಡಿದು, ಮೊದ್ಲು ಆದಾಯ ಏರ್ತು, ಅದರ ಹಿಂದೆ ಇಂಧನದ ಖರ್ಚು ಏರ್ತು ಹೇಳಿ ತೋರಿಸಿದ. ನಮ್ಮ ದೇಶದ ಕರೆಂಟಿನ ಲೆಕ್ಕ ತೆಗೆದು 2002ರಲ್ಲಿ ಸಜಲ್ ಘೋಷ್ ಹೇಳವ್ರೂ ಹಂಗೇ ಹೇಳಿದ್ದ. ದೇಶ ಬೆಳದ್ದಕ್ಕೆ ಕರೆಂಟು ಬೇಕಾತು. ಮತ್ತೆ ಕೆಲವ್ರ ಲೆಕ್ಕದಲ್ಲಿ ಇದು ತಿರುಗಾಮುರುಗಾ. ಒಂದೇ ಉತ್ತರ ಇಲ್ಲೆ.

ಯಂಗೆ ದೇಶದ ಲೆಕ್ಕ ತೀರ್ಮಾನ ಮಾಡಲೆ ಬತ್ತಿಲ್ಲೆ. ಆದ್ರೆ ಮನೆ ಲೆಕ್ಕ ಬತ್ತು. ನಮ್ಮನೆಲ್ಲಿ ಕರೆಂಟು ಎಂತ ಮಾಡ್ತು, ಎಂತ ಮಾಡಿದ್ದಿಲ್ಲೆ ಹೇಳದನ್ನ ನೋಡ್ತಾ ಹೋದಿ. ಅದನ್ನೇ ಇಲ್ಲಿ ಹೇಳ್ತಿ.

ಮೊದ್ಲು ಯೂನಿಟ್ ಹೇಳಿದ್ರೆ ಎಷ್ಟು ಹೇಳಿ ತಿಳ್ಕಳವು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ತಾಸು ಕಾದ್ರೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ಅದೇ ಒಂದು ಯೂನಿಟ್ಟಿಗೆ 111 ತಾಸು ಉರೀತು. 750 ವ್ಯಾಟಿನ ಮಿಕ್ಸರ್ 20 ನಿಮಿಷ ತಿರುಗಿದ್ರೆ ಕಾಲು ಯೂನಿಟ್. ಇಷ್ಟು ಬಾಕ್ಸಿನ ಮೇಲೆ ಬರದ ವ್ಯಾಟ್ ನೋಡಿದ್ರೆ ನಂಗಕ್ಕೇ ತಿಳೀತು. ಯಂಗೆ ಆಶ್ಚರ್ಯ ಆಗಿದ್ದು ಮನುಷ್ಯರ ಲೆಕ್ಕ. ಒಬ್ಬ ಗಟ್ಟಿ ಆಳು ನಿಲ್ಲದೇ ದುಡಿತಾ ಇದ್ರೆ ಅವನ ರಟ್ಟೆಯಿಂದ ಬಪ್ಪ ಶಕ್ತಿ ಸುಮಾರು 75 ವ್ಯಾಟ್. ಎಂಟು ತಾಸು ದುಡಿದ್ರೆ 600. ಅಂದ್ರೆ ಬೆಳಗಿಂದ ಬೈಗಿನ ವರೆಗೆ ಬೆವರು ಸುರಿಸಿದ್ರೂ ಒಂದು ಯೂನಿಟ್ ಪೂರಾ ಆಗ್ತಿಲ್ಲೆ!

ಆನು ಇದನ್ನ ಅತ್ತೆಗೆ ಹೇಳ್ದಿ. ಅತ್ತೆಗೆ ಈಗ 84. ಅದು ಮದುವೆ ಆಗಿ ಈ ಮನೆಗೆ ಬಂದಾಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒರಳಲ್ಲಿ ತೆಳ್ಳೇವಿಗೆ ಬೀಸಿ, ಮಜ್ಜಿಗೆ ಕಡದು, ಬಾವಿಂದ ಮನೆಗೂ ಕೊಟ್ಟಿಗೆಗೂ ನೀರು ಸೇದಿ, ಮಧ್ಯಾಹ್ನ ಬತ್ತ ಕುಟ್ಟಿ, ರಾತ್ರೆ ಚಿಮಣಿ ಬುಡ್ಡಿ ಬೆಳಕಲ್ಲಿ ಅಡಕೆ ಸುಲೀತಿತ್ತಡ. ಹದಿನಾಲ್ಕು ಜನದ ಮನೆ. "ಅಷ್ಟೆಲ್ಲಾ ಸೇರಿ ಅರ್ಧ ಯೂನಿಟ್ಟನೇ?" ಹೇಳಿ ಕೇಳ್ಚು. ಹೌದು ಹೇಳ್ದಿ. "ಅರ್ಧ ಯೂನಿಟ್ಟಿಗೆ ಎಷ್ಟು ದುಡ್ಡು?" ಮೂರು, ಮೂರೂವರೆ ರೂಪಾಯಿ ಆಗ್ತಿಕ್ಕು ಹೇಳ್ದಿ. ಅತ್ತೆ ಸುಮಾರು ಹೊತ್ತು ಮಾತಾಡಿದ್ದಿಲ್ಲೆ. ಕಡಿಗೆ ತನ್ನ ಅಂಗೈ ನೋಡ್ಕಂಡು, "ಇದ್ರಲ್ಲಿ ಗಂಟು ಎದ್ದಿದ್ದು ಮೂರೂವರೆ ರೂಪಾಯಿ ಕೆಲಸಕ್ಕಾ" ಹೇಳ್ಚು.

ಬಾವಿ ನೀರಿನ ಲೆಕ್ಕವನ್ನೂ ಹಾಕಿ ನೋಡಿದ್ಯ. ಸಾವಿರ ಲೀಟರ್ ನೀರನ್ನ 30 ಅಡಿ ಆಳದಿಂದ ಎತ್ತಲೆ ಪಂಪಿಗೆ ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲಿನಷ್ಟು ಸಾಕು. ಅದೇ ಹೆಂಗಸ್ರು ಸೇದಿದ್ರೆ ಎಂಬತ್ತು ಕೊಡ. ಸೊಂಟ ಹೋಗ್ತು.

ಇಲ್ಲೊಂದು ವಿಷಯ ಇದ್ದು. ದೇಶದ ಒಟ್ಟು ಉತ್ಪನ್ನ ಹೇಳಿ ಪೇಪರಲ್ಲಿ ಬರೀತ್ವಲಿ, ಅದ್ರಲ್ಲಿ ಮನೆಯವ್ಕೆ ಮಾಡಿ ಹಾಕದು, ನೀರು ಸೇದದು, ಬೀಸದು ಇದೆಲ್ಲಾ ಲೆಕ್ಕಕ್ಕೆ ಬತ್ತಿಲ್ಲೆ. ಹೆಚ್ಚಾಗಿ ದುಡ್ಡು ಕೈ ಬದಲಾಗಿದ್ದೇ ಲೆಕ್ಕ. ಒರಳು ಬಿಟ್ಟು ಮಿಕ್ಸರ್ ತಗಂಡಾಗ ಮಿಕ್ಸರಿನ ಬೆಲೆ, ಕರೆಂಟಿನ ಬಿಲ್ಲು ದೇಶದ ಲೆಕ್ಕಕ್ಕೆ ಸೇರ್ಚು. ಅತ್ತೆಯ ಮೂವತ್ತು ವರ್ಷದ ಬೀಸದು ಮೊದ್ಲೂ ಸೇರಿದ್ದಿಲ್ಲೆ, ಅದು ತಪ್ಪಿದ ಸುಖವೂ ಆಮೇಲೆ ಸೇರಿದ್ದಿಲ್ಲೆ. ಹಂಗಾಗಿ ಕರೆಂಟಿನಿಂದ ಎಷ್ಟು ಬೆಳದ್ಯ ಹೇಳ ಲೆಕ್ಕದಲ್ಲಿ ನಮ್ಮ ಪಾಲಿನ ಸಾಲು ಖಾಲಿಯೇ ಇರ್ತು.

ಯಾವ ಮನೆಲ್ಲಿ ಎಂತ ಮೊದ್ಲು ಬಂತು ಹೇಳದನ್ನೂ ನೋಡಿ. ಯನ್ನ ಅಪ್ಪನ ಮನೆ ಸಿದ್ದಾಪುರದ ಬದಿ. ಅಲ್ಲಿ ಕರೆಂಟು ಬಂದಿದ್ದು 1982ರಲ್ಲಿ, ಆನು ಆರನೇತ್ತಿ. ಎರಡೇ ಬಲ್ಬು. ಒಂದು ಜಗಲಿಗೆ, ಒಂದು ನಡುಮನೆಗೆ. ಅಡಿಗೆಮನೆಗೆ ಮತ್ತೂ ನಾಲ್ಕು ವರ್ಷ ಚಿಮಣಿ ಬುಡ್ಡಿಯೇ. ಆಯಿ ಬುಡ್ಡಿ ಹಿಡ್ಕಂಡೇ ಅನ್ನ ಬೆಂದಿದ್ದಾ ಹೇಳಿ ನೋಡ್ತಿತ್ತು. 1991ರಲ್ಲಿ ಆನು ಗುಡ್ನಾಪುರಕ್ಕೆ ಸೊಸೆ ಆಗಿ ಬಂದಾಗ ಇಲ್ಲಿ ತೋಟಕ್ಕೆ ಪಂಪ್‌ಸೆಟ್ಟು ಬಂದು ಸುಮಾರು ವರ್ಷ ಆಗಿತ್ತು. ಮಿಕ್ಸರ್ ಬಂದಿದ್ದು 1998ರಲ್ಲಿ. ಗ್ರೈಂಡರ್, ಫ್ರಿಜ್ಜು ಮಕ್ಕ ಹೈಸ್ಕೂಲಿಗೆ ಹೋದ ಮೇಲೆ. ವಾಷಿಂಗ್ ಮಷಿನ್ ಮಗ ಕೆಲಸಕ್ಕೆ ಸೇರಿ ತಂದುಕೊಟ್ಟಿದ್ದು. ಮಾವ ಕೆಟ್ಟವ್ರು ಹೇಳಿ ಅಲ್ಲ. ದುಡ್ಡು ಹುಟ್ಟ ಕಡೆ ಮೊದ್ಲು ವೈರು ಎಳೆದ, ಅಷ್ಟೆ. ತೋಟಕ್ಕೆ ನೀರು ಹೊಡದ್ರೆ ಅಡಕೆ ಬತ್ತು. ಅಡಿಗೆಮನೆಲ್ಲಿ ಬೆಳಕು ಬಂದ್ರೆ ಎಂತ ಬತ್ತು ಹೇಳಿ ಯಾರೂ ಲೆಕ್ಕ ಹಾಕಿದ್ವಿಲ್ಲೆ.

ನಾಡಿನ ಲೆಕ್ಕವೂ ಹಂಗೇ. ಕರ್ನಾಟಕದಲ್ಲಿ 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ತೆಗೆದ. ಅದು ಮೊದ್ಲು ಹೋಗಿದ್ದು ಎಲ್ಲಿಗೆ? ಹತ್ರದ ಹಳ್ಳಿಗೂ ಅಲ್ಲ, ಮೈಸೂರಿನ ಮನೆಗಳಿಗೂ ಅಲ್ಲ. ನೂರೈವತ್ತು ಕಿಲೋಮೀಟರ್ ಹತ್ರ ವೈರು ಎಳೆದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಚಿನ್ನ ಮೊದ್ಲು, ದೀಪ ಆಮೇಲೆ. ಯನ್ನ ಮಾವನಿಗೂ ಆಗಿನ ದಿವಾನರಿಗೂ ಲೆಕ್ಕದಲ್ಲಿ ಅಂತಾ ವ್ಯತ್ಯಾಸ ಕಾಣ್ತಿಲ್ಲೆ.

ಪಂಪಿನಿಂದ ನಮ್ಮೂರಿಗೆ ಒಳ್ಳೆಯದು ಆಯ್ದಿಲ್ಲೆ ಹೇಳಲಾಗ. ಗುಡ್ನಾಪುರದ ಕೆರೆ ನಿಂಗಕ್ಕೆ ಗೊತ್ತಿದ್ದಲಿ. ಕದಂಬರ ರವಿವರ್ಮನ ಕಂಬದ ಶಾಸನ ಸಿಕ್ಕಿದ ಊರು ಇದು. ಆ ಶಾಸನದಲ್ಲೇ ಗುಡ್ಡತಟಾಕ ಹೇಳಿ ಕೆರೆ ಹೆಸರು ಇದ್ದಡ. ಸಾವಿರದ ಐನೂರು ವರ್ಷ ಹತ್ರ ಆತು. ಕೆರೆ ನೀರು ತನ್ನಷ್ಟಕ್ಕೆ ಕೆಳಗಿನ ಗದ್ದೆಗೆ ಇಳೀತು, ಅದ್ಕೆ ಕರೆಂಟು ಬೇಡ. ಆದ್ರೆ ನೀರಿಗೆ ಮೇಲೆ ಹತ್ತಲೆ ಬತ್ತಿಲ್ಲೆ. ಹಂಗಾಗಿ ಅಷ್ಟು ಕಾಲವೂ ಮೇಲಿನ ಹಕ್ಕಲು ಹಕ್ಕಲಾಗೇ ಇತ್ತು. ಬೋರು, ಪಂಪು ಬಂದ ಮೇಲೆ ಬನವಾಸಿ ಬದಿ ಹಕ್ಕಲಲ್ಲಿ ಅನಾನಸು, ಶುಂಠಿ, ಬಾಳೆ, ಈಗ ಅಡಕೆ. ಹತ್ತು ಎಚ್.ಪಿ. ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಬಿಲ್ಲು ತಗತ್ತಿಲ್ಲೆ. ಅದ್ರಿಂದ ಎಷ್ಟೋ ಮನೆ ಎದ್ದು ನಿಂತ್ಕಂಡಿದ್ದು. ನೆಲದಡಿ ನೀರು ಎಷ್ಟು ಕೆಳಗೆ ಹೋತು ಹೇಳದು ಬೇರೆ ಕಥೆ, ಅದನ್ನ ಇನ್ನೊಂದಿನ ಬರೀತಿ.

ಕರೆಂಟು ಇದ್ದಲ್ಲಿ ಬೆಳವಣಿಗೆ ಹೇಳ್ತ್ವಲಿ, ಹಂಗಾರೆ ನಮ್ಮ ಜಿಲ್ಲೆ ರಾಜ್ಯದಲ್ಲೇ ಶ್ರೀಮಂತ ಆಗಿರಕಾಗಿತ್ತು. ಎಣಿಸಿ ನೋಡಿ. ಸಿದ್ದಾಪುರದ ಗಡಿಲ್ಲೇ ಜೋಗ, ಅಲ್ಲಿ 1948ರಿಂದ ಕರೆಂಟು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ. ಶರಾವತಿ ಮನೆ ಒಂದೇ 1,035 ಮೆಗಾವ್ಯಾಟ್. ಕಾಳಿ ನದಿಗೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕ. ಸೂಪಾ ಡ್ಯಾಮಿಗೆ ಸೂಪಾ ಊರೇ ಮುಳುಗಿ, ತಾಲೂಕು ಕಚೇರಿ ಜೋಯಿಡಕ್ಕೆ ಬಂತು. ಶರಾವತಿ ಹಿನ್ನೀರಿನ ಬದಿ ಮನೆ, ತೋಟ ಬಿಟ್ಟು ಎದ್ದವ್ರು ಎಷ್ಟೋ ಜನ. ಅವರಲ್ಲಿ ಸುಮಾರು ಜನ ಹೊಸ ಜಾಗದಲ್ಲಿ ವರ್ಷಗಟ್ಲೆ ಬುಡ್ಡಿ ದೀಪದಲ್ಲೇ ಕಳದ. ದೊಡ್ಡ ಲೈನು ಅವರ ತಲೆ ಮೇಲೇ ಹೋಗಿತ್ತು. ಆ ವೈರಿಂದ ಮನೆಗೆ ಕರೆಂಟು ತಗಳಲೆ ಬತ್ತಿಲ್ಲೆ. ಅದನ್ನ ಇಳಿಸಲೆ ದೊಡ್ಡ ಸ್ಟೇಷನ್ನು ಬೇಕು, ಟ್ರಾನ್ಸ್‌ಫಾರ್ಮರ್ ಬೇಕು, ಕಂಬ ಬೇಕು.

ಬೇಡ್ತಿ ನದಿಗೂ ಡ್ಯಾಮು ಕಟ್ಟವು ಹೇಳಿ ಹೊರಟಿದ್ದ. 1980ರ ಸುಮಾರಿಗೆ ಶಿರಸಿ, ಯಲ್ಲಾಪುರದ ತೋಟದವ್ರು ಒಟ್ಟಾಗಿ ಪ್ರಶ್ನೆ ಮಾಡಿದ. ಬಪ್ಪ ಕರೆಂಟಿನ ಬೆಲೆ ಹೇಳ್ತ್ರಿ, ಮುಳುಗ ತೋಟದ, ಕಾಡಿನ ಬೆಲೆ ಎಷ್ಟು ಹಿಡದ್ರಿ ಹೇಳಿ. ಶಿರಸಿಲ್ಲಿ ವಿಜ್ಞಾನಿಗಳನ್ನ ಕೂರಿಸಿ ಚರ್ಚೆ ಮಾಡಿದ. ಕಡಿಗೆ ಆ ಯೋಜನೆ ನಿಂತ್ಚು. ಆಗ ಆನು ಸಣ್ಣ ಕೂಸು. ದೊಡ್ಡವ್ರು ಜಗಲಿಲ್ಲಿ ಮಾತಾಡದು ಮಾತ್ರ ನೆನಪಿದ್ದು. ಅವ್ರು ಅವತ್ತು ಕೇಳಿದ್ದು ಕರೆಂಟು ಬೇಡ ಹೇಳಿ ಅಲ್ಲ, ಲೆಕ್ಕ ಪೂರಾ ಹಾಕಿ ಹೇಳಿ. ಅದು ಈಗ ಯಂಗೆ ಅರ್ಥ ಆಗ್ತು.

ಕರೆಂಟು ಹುಟ್ಟಿದ ಊರಿಗಿಂತ ಅದನ್ನ ಕೆಲಸಕ್ಕೆ ಹಚ್ಚಿದ ಊರು ಬೆಳೀತು. ನಮ್ಮ ಜಿಲ್ಲೆ ಕರೆಂಟು ಆ ದೊಡ್ಡ ಕಂಬದ ಸಾಲಲ್ಲಿ ಘಟ್ಟದ ಮೇಲೆ ಹೋತು. ಅಲ್ಲಿ ಕಾರ್ಖಾನೆ ಆತು, ಕಂಪನಿ ಆತು. ಹಿಂದಿಂದೇ ನಮ್ಮ ಮಕ್ಕನೂ ಹೋದ. ಕಂಬ ಹೋದ ದಾರಿಲ್ಲೇ ಮಕ್ಕ ಹೋಗಿದ್ದು. ಈಗ ನಮ್ಮ ಕೇರಿಲ್ಲಿ ಒಂಬತ್ತು ಮನೆಲ್ಲಿ ಏಳು ಮನೆಲ್ಲಿ ಐವತ್ತು ದಾಟಿದವ್ರೇ ಇಪ್ಪದು.

2020ರ ಲಾಕ್‌ಡೌನಿನಲ್ಲಿ ಈ ಲೆಕ್ಕ ಸ್ವಲ್ಪ ತಿರುಗಿತ್ತು. ಮಗ, ಸೊಸೆ ಇಬ್ರೂ ಬಂದು ಹನ್ನೊಂದು ತಿಂಗಳು ಇಲ್ಲೇ ಇದ್ದ. ಮಾಳಿಗೆಲ್ಲಿ ಮೇಜು ಹಾಕ್ಕಂಡು ಬೆಂಗಳೂರಿನ ಕೆಲಸ ಮಾಡ್ತಿದ್ದ. ಸಂಬಳ ಗುಡ್ನಾಪುರಕ್ಕೇ ಬತ್ತಿತ್ತು! ಅತ್ತೆಗೆ ಮೊಮ್ಮಗನ ಜೊತೆ ಊಟ, ಸೊಸೆಗೆ ತಂಬ್ಳಿ, ಅಪ್ಪೆಹುಳಿ ಕಲಿಯ ಹುಮ್ಮಸ್ಸು. ಮಳೆಗಾಲ ಬಂತು ನೋಡಿ. ಒಂದು ಗಾಳಿಗೆ ಲೈನಿನ ಮೇಲೆ ಮರ ಬಿತ್ತು. ಮೂರು ದಿನ ಕರೆಂಟಿಲ್ಲೆ. ಇನ್ವರ್ಟರ್ ಮೊದಲ ರಾತ್ರೆಗೇ ಕೂಗ್ಕಂಡು ಸುಮ್ಮಂಗಾತು. ಮೊಬೈಲ್ ಟವರಿನ ಬ್ಯಾಟರಿಯೂ ಮುಗತ್ತು. ಮಾಣಿ ಲ್ಯಾಪ್‌ಟಾಪ್ ಕೊಟ್ಟೆಲಿ ಸುತ್ತಿ, ರೈನ್‌ಕೋಟ್ ಹಾಕ್ಕಂಡು ಬೈಕಲ್ಲಿ ಶಿರಸಿಗೆ ಹೋಗಿ ಗೆಳೆಯನ ಮನೆಲ್ಲಿ ಕೂತು ಕೆಲಸ ಮಾಡ್ದ. ಅದೇ ಮಳೆಗಾಲದಲ್ಲಿ ಹಿಂಗೆ ಐದಾರು ಸಲ ಆತು.

ಸೊಸೆ ಹೋಪಾಗ ಹೇಳ್ಚು, "ಅತ್ತೆ, ಯಂಗಕ್ಕೆ ಇಲ್ಲಿ ಇಪ್ಪಲೆ ಬೇಜಾರು ಅಂತೂ ಇಲ್ಲೆ. ಆದ್ರೆ ಕರೆಂಟು ಯಾವಾಗ ಹೋಗ್ತು ಹೇಳಿ ಗೊತ್ತಿಲ್ದೇ ಇದ್ರೆ ಕೆಲಸ ಉಳೀತಿಲ್ಲೆ." ಊರಲ್ಲಿ ದುಡಿಮೆ ಇಲ್ಲೆ ಹೇಳಿ ಮಕ್ಕ ಹೋದ ಹೇಳಿ ಎಲ್ಲರೂ ಹೇಳದು. ಯನ್ನ ಮನೆಲ್ಲಿ ದುಡಿಮೆ ಮನೆ ಒಳಗೇ ಬಂದು ಕೂತಿತ್ತು. ಕರೆಂಟು ನಿಲ್ಲದೇ ಬಂದಿದ್ರೆ ಅವ್ರು ಇನ್ನೂ ಸ್ವಲ್ಪ ಕಾಲ ಇರ್ತಿದ್ದೇನ.

ವೈರು ಬಂದ ಕೂಡ್ಲೆ ಕರೆಂಟು ಬಂದಂಗೆ ಅಲ್ಲ, ಕರೆಂಟು ಬಂದ ಕೂಡ್ಲೆ ದುಡ್ಡು ಬಂದಂಗೂ ಅಲ್ಲ. ಕೂಸು ಇದ್ಕೆ ಎರಡು ಉದಾಹರಣೆ ಹೇಳ್ಚು. 2005ರಲ್ಲಿ ನಮ್ಮ ದೇಶದಲ್ಲಿ ರಾಜೀವ್ ಗಾಂಧಿ ಹೆಸರಿನ ಗ್ರಾಮೀಣ ವಿದ್ಯುತ್ ಯೋಜನೆ ಬಂತು, ಲಕ್ಷಗಟ್ಲೆ ಹಳ್ಳಿಗೆ ಲೈನು ಹೋತು. ಆಮೇಲೆ ಇಬ್ರು ಸಂಶೋಧಕರು ಕೂತು ನೋಡಿದ್ರೆ, ಮುನ್ನೂರು ಜನ ಇಪ್ಪಂತಾ ಸಣ್ಣ ಊರಲ್ಲಿ ಆದಾಯಕ್ಕೆ ಅಂತಾ ದೊಡ್ಡ ವ್ಯತ್ಯಾಸ ಎಂತೂ ಆಗಿದ್ದಿಲ್ಲೆ. ದೊಡ್ಡ ಊರಲ್ಲಿ ಲಾಭ ಹೆಚ್ಚು. ಬಲ್ಬು ಉರೀತು, ಮೊಬೈಲ್ ಚಾರ್ಜ್ ಆತು, ಅಷ್ಟೆ. ಮತ್ತೊಂದು ದಕ್ಷಿಣ ಆಫ್ರಿಕದ್ದು. ಅಲ್ಲಿಯ ಕ್ವಾಜುಲು-ನಟಾಲ್ ಹೇಳ ಸೀಮೆಲ್ಲಿ ಹಳ್ಳಿಗೆ ಕರೆಂಟು ಬಂದ ಮೇಲೆ ಸಂಬಳದ ಕೆಲಸಕ್ಕೆ ಹೋಪ ಹೆಂಗಸ್ರು ನೂರಕ್ಕೆ ಒಂಬತ್ತರ ಹತ್ರ ಹೆಚ್ಚಾದ ಹೇಳಿ ಟಾರಿನ್ ಡಿಂಕಲ್‌ಮನ್ ಹೇಳವ್ಳು 2011ರಲ್ಲಿ ಬರದಿದ್ದು. ಗಂಡಸ್ರಲ್ಲಿ ಅಷ್ಟು ವ್ಯತ್ಯಾಸ ಇಲ್ಲೆ. ಕಟ್ಟಿಗೆ ತಪ್ಚು, ಕರೆಂಟಿನ ಒಲೆ ಬಂತು, ಕೈಲಿ ಹೊತ್ತು ಉಳತ್ತು, ಆ ಹೊತ್ತಿಗೆ ದುಡಿಮೆ ಸಿಕ್ಚು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಉಳದ ಹೊತ್ತಿಗೆ ಕೆಲಸ ಸಿಕ್ರೆ ಮಾತ್ರ ಕರೆಂಟು ಸಂಪಾದನೆ ಆಗ್ತು. ಇಲ್ದಿದ್ರೆ ಬೀಸಕಲ್ಲು ಬಿಟ್ಟು ಟೀವಿ ಮುಂದೆ ಕೂತ್ಗಳದು. ಅದು ಸುಖವೇ, ಬೇಡ ಹೇಳಿ ಅಲ್ಲ. ಅತ್ತೆಯಂಗೆ ದುಡಿದವ್ಕೆ ಕೂತ್ಗಳ ಹಕ್ಕು ಇದ್ದೇ ಇದ್ದು. ಆದ್ರೆ ಇಪ್ಪತ್ತೈದರ ಕೂಸಿಗೆ ಅಷ್ಟೇ ಸಾಕಾಗ್ತಿಲ್ಲೆ.

ಕರೆಂಟು ಕೆಲಸ ಕಸೀತು ಹೇಳದನ್ನೂ ಆನು ನೋಡಿದ್ದಿ, ಅದನ್ನ ಬಿಟ್ಟು ಬರೆದ್ರೆ ಲೆಕ್ಕ ಅರ್ಧ ಆಗ್ತು. ನಮ್ಮನೆ ಅಡಕೆ ಸುಲಿಯಲೆ ಕೊಯ್ಲಿನ ಕಾಲದಲ್ಲಿ ಎಂಟು ಹೆಂಗಸ್ರು ಬತ್ತಿದ್ದ. ಮೆಟ್ಟುಗತ್ತಿ ಮುಂದೆ ರಾತ್ರೆ ಹತ್ತರ ವರೆಗೆ ಕೂತ್ಗಂಡು, ಸುಲಿದ ಲೆಕ್ಕಕ್ಕೆ ಮಜೂರಿ ತಗತ್ತಿದ್ದ. ಮಕ್ಕಳ ಪುಸ್ತಕ, ಹಬ್ಬದ ಸೀರೆ ಆ ದುಡ್ಡಲ್ಲೇ. ಸುಲಿಯ ಮಷಿನ್ ಬಂತು. ಎಂಟು ಜನದ ಕೆಲಸ ಮಷಿನು ಮತ್ತೆ ಇಬ್ರು ಗಂಡಸ್ರು ಮಾಡ್ತ. ಯಂಗೆ ರಾತ್ರೆ ಎಂಟು ಜನಕ್ಕೆ ಚಾ, ಊಟ ಮಾಡದು ತಪ್ಚು, ಅವಕ್ಕೆ ಮಜೂರಿ ತಪ್ಚು. ಅವರಲ್ಲಿ ಒಬ್ಳು ಮೊನ್ನೆ ಕೆರೆ ಏರಿ ಮೇಲೆ ಸಿಕ್ಕವಳು, "ಅಮ್ಮಾ, ನಿಮ್ ಮಷಿನಿಗೆ ಒಂದು ದಿನಾನೂ ಬೆನ್ನು ನೋಯಲ್ವಾ?" ಅಂತ ಕೇಳಿ ನಕ್ಕಳು. ನಕ್ಕಿದ್ದು ಹೌದು, ಆದ್ರೂ ಅದ್ರಲ್ಲಿ ಇಪ್ಪದು ಯಂಗೆ ತಿಳತ್ತು. ಒಂದೇ ಮಷಿನು ಒಂದು ಮನೆಗೆ ಬೆಳವಣಿಗೆ, ಎಂಟು ಮನೆಗೆ ಕಡಿತ.

ಈಗ ಯಂಗಳ ಹಪ್ಪಳದ ವಿಷಯಕ್ಕೆ ಬತ್ತಿ. ಇಷ್ಟೊತ್ತು ಹೇಳಿದ್ದೆಲ್ಲಾ ಅದ್ಕೇ ಬಂದು ಸೇರ್ತು.

ನಮ್ಮ ಸಂಘದಲ್ಲಿ ಹತ್ತು ಜನ ಇದ್ಯ. ಮೇಲೆ ಹೇಳ್ದ, ಅಡಕೆ ಸುಲೀತಿದ್ದವ್ರಲ್ಲಿ ಮೂವರು ಇದ್ದ. ಬೇಸಿಗೆಲ್ಲಿ ಹಲಸಿನಕಾಯಿ ಹಪ್ಪಳ ಮಾಡಿ ಮಾರ್ತ್ಯ. ತೊಳೆ ಬಿಡಿಸದು, ಬೇಯ್ಸದು, ಬೀಸದು, ಒತ್ತದು. ಬೀಸದು ಈಗ ಗ್ರೈಂಡರಿನಲ್ಲಿ. ಒಣಗದು ಮಾತ್ರ ಇನ್ನೂ ಸೂರ್ಯನ ಕೈಲಿ. ಮೊದ್ಲು ಮೇ ಕೊನೆ ವರೆಗೆ ಬಿಸಿಲು ನಂಬಲಾಗಿತ್ತು. ಈಗ ಏಪ್ರಿಲ್ಲಿನಲ್ಲೇ ಮೋಡ ಹಾಕ್ತು. ಹೋದ ವರ್ಷ ಎರಡು ದಿನದ ಮಳೆಗೆ ಸಾವಿರದ ಇನ್ನೂರು ಹಪ್ಪಳ ಬೂಸ್ಲು ಹಿಡದು ಕೊಟ್ಟಿಗೆಗೆ ಹೋತು. ದನ ಸಹಿತ ಮೂಸಿ ಬಿಟ್ವು.

ತಂಗಿ ಮಗಳು ಡ್ರೈಯರ್ ತಗಳನ ಹೇಳ್ತಾ ಇದ್ದು. ಮೂರು ಕಿಲೋವ್ಯಾಟಿಂದು. ದಿನಕ್ಕೆ ಎಂಟು ತಾಸು ಓಡಿದ್ರೆ 24 ಯೂನಿಟ್. ಸಂಘದಲ್ಲಿ ಒಬ್ರು, "ನಿಮ್ಮನೆಲ್ಲೇ ಇಟ್ಗಳಿ, ಹೆಂಗೂ ಇನ್ನೂರು ಯೂನಿಟ್ ಪುಕ್ಕಟೆ ಇದ್ದಲಿ" ಹೇಳಿದ. ಅದು ಆಗ್ತಿಲ್ಲೆ. ಗೃಹಜ್ಯೋತಿ ಎಲ್ಲರಿಗೂ ಇನ್ನೂರು ಅಲ್ಲ. ಯೋಜನೆ ಶುರು ಮಾಡಿದಾಗ ಹಿಂದಿನ ಒಂದು ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಒಂದೊಂದು ಮನೆಗೆ ಮಿತಿ ಹಾಕಿದ್ದ. ಅದರ ಮೇಲೆ ಹೋದ್ರೆ ಹೆಚ್ಚಿಂದಕ್ಕೆ ದುಡ್ಡು, ಇನ್ನೂರು ದಾಟಿದ್ರೆ ಪೂರಾ ಬಿಲ್ಲು. ಡ್ರೈಯರ್ ಎಂಟು ದಿನ ಓಡಿದ್ರೆ ಅದೊಂದೇ 192. ಮತ್ತೆ ಅದು ಮನೆ ಖರ್ಚಿನ ಯೋಜನೆ. ಮಾರಲೆ ಮಾಡ ಕೆಲಸಕ್ಕೆ ಬೇರೆ ಮೀಟರ್ ಬೇಕು. ಬೇರೆ ಮೀಟರ್ ಅಂದ್ರೆ ಯೂನಿಟ್ಟಿನ ದುಡ್ಡೂ ಕೊಡವು, ಓಡದ ತಿಂಗಳಲ್ಲೂ ನಿಗದಿ ಶುಲ್ಕ ಕೊಡವು. ಮಳೆಗಾಲ ನಾಲ್ಕು ತಿಂಗಳು ಹಪ್ಪಳ ಇಲ್ಲೆ, ಬಿಲ್ಲು ಇದ್ದು.

ಸೊನ್ನೆ ಬಿಲ್ಲಿಗೆ ರೂಢಿ ಆದ ಕಣ್ಣಿಗೆ ಇದು ಭಾರ ಕಾಣ್ತು. ಅರ್ಧ ಜನ ಬೇಡ ಹೇಳಿದ. ಯಂಗೂ ಮೊದ್ಲು ಧೈರ್ಯ ಬಂದಿದ್ದಿಲ್ಲೆ. ಮತ್ತೆ ಪುಸ್ತಕ ತೆಗೆದು ಎಲ್ಲರ ಎದುರಿಗೇ ಲೆಕ್ಕ ಹಾಕ್ದಿ. 24 ಯೂನಿಟ್ಟಿಗೆ ಏಳು ರೂಪಾಯಿ ಹಿಡದ್ರೂ 168. ಅಷ್ಟರಲ್ಲಿ ಸಾವಿರ ಹಪ್ಪಳ ಒಣಗ್ತು. ಸಾವಿರ ಹಪ್ಪಳ ಮಾರಿದ್ರೆ ನಾಲ್ಕು ಸಾವಿರಕ್ಕೆ ಕಡಿಮೆ ಇಲ್ಲೆ. ಬೂಸ್ಲು ಹಿಡಿದ ಆ ಎರಡು ದಿನದ ನಷ್ಟದಲ್ಲಿ ತಿಂಗಳ ಕರೆಂಟು ಬತ್ತಿತ್ತು. ಮಳೆಗಾಲಕ್ಕೆ ಹೆಂಗಿದ್ರೂ ಬನವಾಸಿ ಅನಾನಸು ಇದ್ದು. ಹಣ್ಣು ಹಸೀದೇ ಲಾರಿಲ್ಲಿ ಹೋಗ್ತು, ದರ ಬಿದ್ದಾಗ ಗದ್ದೆಲ್ಲೇ ಕೊಳೀತು. ಹೋಳು ಮಾಡಿ ಒಣಗ್ಸಿ ಮಾರನ ಹೇಳಿ ಕೂಸು ಹೇಳ್ತಾ ಇದ್ದು. ಅಡಕೆ ಸುಲೀತಿದ್ದವ್ಳು ಒಬ್ಳು ಆಗ ಹೇಳಿದ್ದು ಯಂಗೆ ಬಿಟ್ಟು ಹೋಯ್ದಿಲ್ಲೆ. "ಒಂದು ಮಷಿನು ನಮ್ಮ ಕೆಲಸ ತಗೊಂಡೋಯ್ತು. ಇದೊಂದು ಮಷಿನು ನಮ್ಮದೇ ಆಗ್ಲಿ."

ಕೂಸಿಗೆ ಬೆಂಗಳೂರಲ್ಲಿ ಒಂದು ಕೆಲಸದ ಕರೆ ಬೈಂದು. ತಂಗಿಗೆ ಅದು ಹೋದ್ರೆ ಚೊಲೋ ಹೇಳಿ, ಮದುವೆ ಸಂಬಂಧಕ್ಕೂ ಅನುಕೂಲ ಹೇಳಿ. ಕೂಸು ಒಂದು ವರ್ಷ ಕೊಡಿ, ಇಲ್ಲೇ ನೋಡ್ತಿ ಹೇಳ್ತು. ಯಾರ ಮಾತು ಸರಿ ಹೇಳಿ ಆನು ಹೇಳ್ತ್ನಿಲ್ಲೆ. ಅದು ಹೋದ್ರೂ ಬೈತ್ನಿಲ್ಲೆ, ಯನ್ನ ಮಗನೇ ಹೋಗಿದ್ದ. ಆದ್ರೆ ಇಪ್ಪವ್ಳಿಗೆ ಇಪ್ಪಲೆ ಒಂದು ಕಾರಣ ಬೇಕಲಿ.

ಹೋದ ಸೋಮವಾರ ಎಂಟು ಜನ ಹೂಂ ಹೇಳಿ, ಇಬ್ರು ನೋಡನ ಹೇಳಿ, ಸಂಘದ ಹೆಸರಲ್ಲಿ ಮೀಟರಿಗೆ ಅರ್ಜಿ ಕೊಟ್ಟಿಕ್ಕಿ ಬೈಂದ್ಯ. ಅರ್ಜಿಲ್ಲಿ ಕೆಲಸ ಎಂತು ಹೇಳ ಜಾಗದಲ್ಲಿ ಕೂಸು "ಹಲಸಿನ ಹಪ್ಪಳ ಮತ್ತು ಹಣ್ಣು ಒಣಗಿಸುವ ಘಟಕ" ಹೇಳಿ ಬರತ್ತು. ಸಹಿ ಆನು ಹಾಕ್ದಿ. ನಮ್ಮ ಕೇರಿಲ್ಲಿ ಇಷ್ಟು ವರ್ಷದ ಮೀಟರೆಲ್ಲಾ ಮಾವಂದಿರ, ಗಂಡಂದಿರ ಹೆಸರಲ್ಲೇ ಇದ್ದು, ಹೆಂಗಸ್ರ ಹೆಸರಿಂದು ಇದೇ ಮೊದಲ್ನೇದು. ಗುಡುಗಿಗೆ ಕರೆಂಟು ಹೋದ್ರೆ ಎಂತ ಮಾಡವು ಹೇಳದಕ್ಕೆ ಪೂರಾ ಉತ್ತರ ಇನ್ನೂ ಸಿಕ್ಕಿದ್ದಿಲ್ಲೆ. ಅರೆ ಒಣಗಿದ್ದನ್ನ ಒಲೆ ಮೇಲಿನ ಅಟ್ಟಕ್ಕೆ ಹಾಕದು ಹೇಳಿ ಅತ್ತೆ ಉಪಾಯ ಹೇಳಿದ್ದು, ಅದನ್ನೂ ಬರದಿಟ್ಗಂಡಿದ್ದಿ.

ನಿಂಗಳೂ ಈ ತಿಂಗಳ ಬಿಲ್ಲಲ್ಲಿ ಯೂನಿಟ್ ನೋಡಿ. ಅದ್ರಲ್ಲಿ ಎಷ್ಟು ಯೂನಿಟ್ ನಿಮ್ಮ ರಟ್ಟೆ ನೋವು ಕಳೀತು, ಎಷ್ಟು ಯೂನಿಟ್ ನಿಮ್ಮ ಕೈಗೆ ದುಡ್ಡು ತಂತು ಹೇಳಿ ಎರಡು ಸಾಲು ಬರದು ನೋಡಿ. ನಮ್ಮನೆಲ್ಲಿ ಎರಡನೇ ಸಾಲು ಇಷ್ಟು ದಿನ ಖಾಲಿ ಇತ್ತು. ಮೀಟರ್ ಬಂದ ಮೇಲೆ ಅದ್ರಲ್ಲಿ ಎಂತ ಬರತ್ತಿ ಹೇಳಿ ತಿಳಿಸ್ತಿ. ಹಪ್ಪಳ ಬೇಕಾದವ್ರು ಈಗಲೇ ಹೇಳಿಡಿ.